ತೆರೆಯದ ಗೂಡಿಗೆ ಹಾಕಿದ ಸಹಿ

ಆ ದಿನ ಬೆಳಿಗ್ಗೆ ವಗ್ಗರಣೆ ಮಾಡೋಣವೆಂದು ಮಂಡಾಳು, ಅದೇ ಮಂಡಕ್ಕಿ, ನೆನೆಸಿ ಹಿಂಡುತ್ತಿದ್ದೆ. ಮಂಡಾಳು ನೀರಿಗೆ ಬಿದ್ದ ಮೇಲೆ ಆಚೀಚೆ ನೋಡಬಾರದು. ಕೈಯಲ್ಲಿ ಅದುಮಿ, ಹಿಂಡಿ, ತಟ್ಟೆಗೆ ಹಾಕುತ್ತಲೇ ಇರಬೇಕು. ತಡವಾದರೆ ಗಂಜಿಯಾಗುತ್ತದೆ. ಅರ್ಧ ಹಿಂಡಿದ್ದೆ, ಮಗಳ ಫೋನು ಬಂತು. ಆ ಹೊತ್ತಿನಲ್ಲಿ ಅವಳು ಫೋನು ಮಾಡುವವಳಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎತ್ತಿದೆ.

"ಅವ್ವ, ಒಬ್ಬಾಕಿನ ಇದ್ದೀಯೇನ?"

"ನಿಮ್ಮಪ್ಪ ಜಳಕಕ್ಕ ಹೋಗ್ಯಾರ. ಯಾಕ, ಏನಾತು?"

"ಆ ಹಡಗಿನ್ಯಾಗ ಚಿಪ್ಪು ಸಿಕ್ಕಾವವ್ವ. ಜೀವ ಇದ್ದಾವು. ಅಲ್ಲಿ, ಹಿಮದ ಸಮುದ್ರಕ್ಕ ಹೋಗಿ ಮುಟ್ಟಿದ ಮ್ಯಾಲೆ ಸಿಕ್ಕಾವು. ಕಾಗದದಾಗ ಸಹಿ ನಂದು."

"ನಿಮ್ಮಣ್ಣ ಅದಾನಲ್ಲ, ನೀರಿಗೆ ಇಳದು ನೋಡಿದಾಂವ, ಅವನು ಹೇಳತಾನ ಬಿಡು."

"ಅವನು ಹೇಳ್ಯಾನವ್ವ. ಹಡಗಿನ ಎರಡು ಗೂಡು ನೋಡಿಲ್ಲ ಅಂತ ನನಗ ತಿಳಿಸಿದ್ದನಂತ. ನಾನು ಹಬ್ಬದ ಗಡಿಬಿಡ್ಯಾಗ ಹಂಗ ಸಹಿ ಹಾಕಿದೆನಂತ. ದೀಪಾವಳಿಗೆ ನಮ್ಮ ಮನಿಗೆ ಬಂದೇ ಇಲ್ಲಂತ."

ಮಂಡಾಳು ಗಂಜಿಯಾಯಿತು. ಅದನ್ನು ಬೀದಿಯ ಎಮ್ಮೆಗೆ ಇಟ್ಟೆ. ಎಮ್ಮೆಯಾದರೂ ತಿಂದಿತಲ್ಲ, ಅನ್ನ ಮಣ್ಣುಪಾಲಾಗಲಿಲ್ಲ ಎಂದು ಅವತ್ತಿನ ಮೊದಲ ಉಪಕಾರವನ್ನು ಹಂಪಿಯ ಪಂಪಾಪತಿ ದೇವರ ಹೆಸರಿಗೆ ಬರೆದುಕೊಂಡೆ. ದಿನಕ್ಕೆ ಐದಾದರೂ ಎಣಿಸಿಯೇ ಮಲಗುವುದು ನನ್ನ ರೂಢಿ. ಅವತ್ತು ಎರಡನೆಯದು ಸಿಗುವುದು ಕಷ್ಟವಾಯಿತು.

ಮಗಳ ಕೆಲಸವನ್ನು ಹೇಳಬೇಕು. ಹೊಸಪೇಟೆಯ ನಮ್ಮ ಚಿತ್ತವಾಡ್ಗಿಯಲ್ಲಿ ಅದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಸಂಡೂರಿನ ಅದಿರು ತುಂಬಿದ ರೈಲು ಕೊನೆಗೆ ಹೋಗಿ ನಿಲ್ಲುವ ಬಂದರಿನಲ್ಲಿ ಅವಳಿದ್ದಾಳೆ. ಜೀವಶಾಸ್ತ್ರ ಓದಿದವಳು. ಹಡಗು ಹೊರಡುವ ಮೊದಲು ಅದರ ತಳಕ್ಕೆ ಏನೇನು ಜೀವ ಅಂಟಿಕೊಂಡಿದೆ ಎಂದು ನೋಡಿ, ಕೆರೆಸಿ, ಬರೆದಿಡುವುದು ಅವಳ ಕಚೇರಿಯ ಕೆಲಸ. ಎದುರು ಮನೆಯಾಕೆ ಕೇಳಿ, "ಅಷ್ಟು ಓದಿಸಿ ಹಡಗಿನ ಬುಡ ತಿಕ್ಕಾಕ ಹಚ್ಚೀರೇನ್ರಿ? ನಮ್ಮ ಮನಿ ಬಾಂಡೆನೂ ಅದಾವ, ಕಳಸ್ರಿ," ಎಂದು ನಕ್ಕಿದ್ದಳು. ನಾನೂ ನಕ್ಕಿದ್ದೆ. ನೀರಿಗೆ ಇಳಿಯುವವಳು ಮಗಳಲ್ಲ, ಇಳಿಯುವವನು ಬೇರೆ, ಅವನು ತಂದ ಪಟಗಳನ್ನು ನೋಡಿ ತಾಳೆ ಹಾಕಿ ಸಹಿ ಮಾಡುವುದಷ್ಟೇ ಇವಳ ಪಾಲಿನದು ಎಂಬುದು ನನಗೆ ದೊಡ್ಡ ಸಮಾಧಾನವಾಗಿತ್ತು. ಅವಳಿಗೆ ಈಜು ಬರುವುದಿಲ್ಲ.

ಕಳೆದ ವರ್ಷ ಆ ಬಂದರಿಗೆ ಉತ್ತರದ ತಣ್ಣನೆಯ ದೇಶದಿಂದ ಬಾಡಿಗೆಗೆ ಒಂದು ಹಡಗು ಬಂದಿತ್ತು. ಅಲ್ಲಿಂದ ಸಾಮಾನು ತುಂಬಿಕೊಂಡು ಭೂಮಿಯ ತೆಂಕಣ ತುದಿಗೆ, ಹಿಮದ ಸಮುದ್ರಕ್ಕೆ ಹೋಗುವ ಹಡಗು. ಇಂಥ ಹಡಗಿನ ಹೊಟ್ಟೆಯಲ್ಲಿ ನೀರೆಳೆಯುವ ಗೂಡುಗಳಿರುತ್ತವಂತೆ. ಬಚ್ಚಲ ಕಿಂಡಿಗೆ ನಾವು ಜಾಲರಿ ಹಾಕುವ ಹಾಗೆ ಅವಕ್ಕೂ ಕಬ್ಬಿಣದ ಜಾಲರಿ. ಹೊರಗಿನ ತಳವನ್ನು ಎಷ್ಟು ಕೆರೆದರೂ ಈ ಗೂಡಿನೊಳಗೆ ಚಿಪ್ಪಿನ ಜೀವಗಳು ಬೆಚ್ಚಗೆ ಕೂತುಬಿಡುತ್ತವೆ. ಊರೂರು ದಾಟುತ್ತವೆ.

"ಹೋದ್ರ ಹೋಗ್ಲಿ ಬಿಡ, ಅಷ್ಟು ದೊಡ್ಡ ಸಮುದ್ರ. ನಾಕು ಚಿಪ್ಪಿಗೆ ಜಾಗ ಇಲ್ಲೇನು?" ಎಂದು ನಾನು ಒಮ್ಮೆ ಕೇಳಿದ್ದೆ.

"ಅಲ್ಲಿನ ಜೀವಕ್ಕ ಬಾಗಲಾ ಹಾಕ್ಕೊಂಡು ರೂಢಿ ಇಲ್ಲವ್ವ. ಸಾವಿರ ಸಾವಿರ ವರ್ಷ ಹೊರಗಿನವರು ಯಾರೂ ಬಂದಿಲ್ಲ. ಥಂಡಿನ ಅವಕ್ಕ ಕಾವಲು. ಈಗ ನೀರು ಸ್ವಲ್ಪ ಬೆಚ್ಚಗಾಗೇತಿ, ಹಡಗು ಜಾಸ್ತಿ ಆಗ್ಯಾವ. ಬಂದದ್ದು ಸಾಯಲಾರದ ಉಳಿದ್ರ, ಬಂಡೆಗಲ್ಲಿನ ಮ್ಯಾಲೆಲ್ಲ ಹಬ್ಬಿ ಕುಂತುಬಿಡ್ತಾವ. ಅಲ್ಲಿ ಇದ್ದವು ಎಲ್ಲಿಗೆ ಹೋಗಬೇಕು?" ಎಂದಳು. ಆಮೇಲೆ, "ನಿನಗ ಬಳ್ಳಾರಿ ಜಾಲಿ ಗೊತ್ತಿಲ್ಲೇನು?" ಎಂದು ಕೇಳಿದಳು.

ಗೊತ್ತಿಲ್ಲದೆ ಏನು. ಉರುವಲಿಗೆ ಆಗುತ್ತದೆಂದು ಯಾರೋ ಎಲ್ಲಿಂದಲೋ ತಂದ ಗಿಡ. ಕಾಲುವೆ ದಂಡೆ, ಗುಡ್ಡದ ಬುಡ, ಸ್ಮಶಾನ, ಎಲ್ಲ ಅದರದೇ. ಅದಕ್ಕೆ ನಮ್ಮ ಹಳೆ ಜಿಲ್ಲೆಯ ಹೆಸರೇ ಕೂತುಬಿಟ್ಟಿದೆ. ಅದರ ಮುಳ್ಳು ಹೊಕ್ಕ ಕಾಲು ತಿಂಗಳು ನೋಯುತ್ತದೆ. ಅಂದಿನಿಂದ ನನಗೆ ಮಗಳ ಕೆಲಸ ಪೂರ್ತಿ ಅರ್ಥವಾಯಿತು, ಗೌರವವೂ ಬಂತು. ದೇವರು ಮಾಡಿಟ್ಟ ಜಾಗವನ್ನು ಮಾಡಿಟ್ಟ ಹಾಗೆ ಉಳಿಸುವ ಕೆಲಸ. ಪೂಜೆಯಲ್ಲಿ ನಿಂತಾಗ ಆ ಹಿಮದ ಸಮುದ್ರದ ಹೆಸರಿಗೂ ಒಂದು ಬಿಲ್ವಪತ್ರೆ ಏರಿಸುತ್ತಿದ್ದೆ.

ಇನ್ನು ಅವನು. ನೀರಿಗೆ ಇಳಿಯುವವನು. ಕಂಪ್ಲಿ ತಾಲೂಕಿನ ಮೆಟ್ರಿಯವನು. ಕಡಲ ದಂಡೆಯಲ್ಲಿ ಯಾರ ಮಾತೂ ಹಿಡಿಸದೆ ಒದ್ದಾಡುತ್ತಿದ್ದ ನನ್ನ ಮಗಳಿಗೆ ಮೊದಲ ವಾರವೇ ಅವನು, "ಏನವ್ವ ತಂಗಿ, ಹೊಸಪ್ಯಾಟಿಯಾಕಿಯೇನು? ಮಾತಿನ್ಯಾಗ ಗೊತ್ತಾತು," ಎಂದಿದ್ದನಂತೆ. ಅವಳಿಗೆ ಒಡಹುಟ್ಟಿದವರಿಲ್ಲ, ಅವನಿಗೂ ಅಕ್ಕತಂಗಿಯರಿಲ್ಲ. ಊರಿಗೆ ಬಂದಾಗ ನಮ್ಮ ಮನೆಗೂ ಬರತೊಡಗಿದ. ಬಂದರೆ ಬಾಳೆಗೊನೆ ಹೊತ್ತೇ ಬರುವನು. ನನ್ನನ್ನು ಚಿಕ್ಕಮ್ಮನ ಸಲುಗೆಯಲ್ಲಿ ಚಿಗವ್ವ ಎಂದು ಕರೆದ. ರೊಟ್ಟಿ ಬಡಿಯುವಾಗ ಒಲೆಯ ಪಕ್ಕ ಕೂತು, ಬಿಸಿಬಿಸಿ ಇದ್ದಾಗಲೇ ಕೈಗೆ ಇಸಿದುಕೊಂಡು ತಿನ್ನುವ ಹುಡುಗ. ಯಾವ ತಾಯಿಗೆ ಇಷ್ಟವಾಗುವುದಿಲ್ಲ?

ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆಯುವಾಗ ನಮ್ಮಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಎರೆಯುತ್ತೇವೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಎರಡು ವರ್ಷ ನಾನು "ಅಣ್ಣನ ಪಾಲು" ಎಂದು ಒಂದು ಚಮಚ ಹಾಲನ್ನು ಅವನ ಹೆಸರಿಗೆ ಎರೆದಿದ್ದೇನೆ. ನನ್ನ ಹೊಟ್ಟೆಯಲ್ಲಿ ಹುಟ್ಟದ ಮಗನಿಗೆ ಪಾಲು ಕೊಡುವುದು ಸಣ್ಣ ಮಾತಲ್ಲ. ಕೊಟ್ಟೆ.

ದೀಪಾವಳಿಯ ಪಾಡ್ಯದ ದಿನ ಮಗಳು ಮನೆಯಲ್ಲಿದ್ದಳು. ಅವನೂ ಮಧ್ಯಾಹ್ನ ಬಂದ. ಯಜಮಾನರಿಗೆ ಸಂಡೂರಿನ ಅದಿರಿನ ಯಾರ್ಡಿನಲ್ಲಿ ಹಬ್ಬದ ದಿನವೂ ಡ್ಯೂಟಿ. ಹೊಸ್ತಿಲ ಮೇಲೆ ಸಗಣಿಯ ಪಾಂಡವರನ್ನಿಟ್ಟು ಚೆಂಡುಹೂ ಸಿಕ್ಕಿಸಿದ್ದೆ. ಊಟವಾಯಿತು, ನಾಲ್ಕು ಹೋಳಿಗೆ ತಿಂದ. ಸಂಜೆ ಮಣೆ ಹಾಕಿ ಕೂರಿಸಿ ಮಗಳ ಕೈಯಲ್ಲಿ ಆರತಿ ಮಾಡಿಸಿದೆ. ಅವಳು ಪಟ ತೆಗೆಯಲು ಫೋನು ಎತ್ತಿದಾಗ ಗದರಿದವಳೂ ನಾನೇ. ಆರತಿಯ ಹೊತ್ತಿನಲ್ಲಿ ಪಟ ತೆಗೆದರೆ ದೃಷ್ಟಿಯಾಗುತ್ತದೆ ಎಂದು ಫೋನನ್ನು ಒಳಗಿಡಿಸಿದೆ.

ಆರತಿ ಮುಗಿದು ಅವನು ಇನ್ನೂ ಮಣೆಯ ಮೇಲೆ ಇದ್ದಾಗಲೇ ಬಂದರಿನಿಂದ ಕರೆ ಬಂತು. ಹಡಗು ಹೊರಡಬೇಕು, ಕಾಗದ ಮುಗಿಸಿ ಕಳಿಸಿರಿ ಎಂದು. ಮಗಳು ಚೀಲದಿಂದ ಟ್ಯಾಬ್ ತೆಗೆದಳು.

"ಅಣ್ಣ, ಎರಡು ಗೂಡಿನ ಪಟ ಅದಾವ. ಇನ್ನೆರಡರದು ಎಲ್ಲಿ?"

"ಇನ್ನೊಂದು ಕ್ಯಾಮೆರಾದಾಗ ಅದಾವವ್ವ. ಹಬ್ಬ ಮುಗದ ಮ್ಯಾಲೆ ಕೊಡ್ತೀನಿ. ನಾನ ಜಾಲರಿ ಬಿಚ್ಚಿ ಕೈ ಹಾಕಿ ನೋಡೀನಿ. ಸ್ವಚ್ಛ ಅದಾವು. ಹಾಕು ಸಹಿ."

"ಪಟ ನೋಡಲಾರದ ಹೆಂಗಣ್ಣ?"

ಅವನು ನಗುತ್ತ ನನ್ನ ಕಡೆ ತಿರುಗಿದ. "ನೋಡು ಚಿಗವ್ವ. ಇವತ್ತು ತಂಗಿ ಕೇಳಬೇಕು, ಅಣ್ಣ ಕೊಡಬೇಕು. ನಾನ ಕೇಳಾಕ ಹತ್ತೀನಿ, ಈಕಿ ಒಲ್ಲೆ ಅಂತಾಳ."

ಆಗ ನಾನು ಬಾಯಿ ಹಾಕಿದೆ. "ಆರತಿ ಇನ್ನ ಆರಿಲ್ಲ, ಮಣಿ ಮ್ಯಾಲೆ ಕುಂತ ಅಣ್ಣನ ಮಾತಿಗೆ ಇಲ್ಲ ಅಂತಾರೇನ? ಹಾಕಬಾರ್ದಾ, ಒಂದು ಸಹಿಗೆ ಏನು!" ಎಂದೆ. ಮಗಳು ನನ್ನ ಮುಖ ನೋಡಿದಳು. ಬೆರಳಿನಿಂದ ಸಹಿ ಗೀಚಿದಳು. ನಾಲ್ಕೂ ಗೂಡು ನೋಡಿದೆ ಎಂದು ಒಪ್ಪಿದ ಸಹಿ.

ಹಬ್ಬದ ನಂತರ ಅವನು ಎರಡು ಪಟ ಕೊಟ್ಟನಂತೆ. ತುಕ್ಕು ಹಿಡಿದ ಜಾಲರಿ ಯಾವುದಾದರೇನು, ಎಲ್ಲ ಒಂದೇ ಥರ. ಮೊದಲ ಎರಡು ಗೂಡುಗಳನ್ನೇ ಬೇರೆ ಮಗ್ಗುಲಿನಿಂದ ತೆಗೆದ ಪಟ ಅವು ಎಂದು ಈಗ ಗೊತ್ತಾಗಿದೆ. ಹಬ್ಬಕ್ಕೆ ಜಲ್ದಿ ಊರಿಗೆ ಹೊರಡುವ ಆತುರದಲ್ಲಿ ಅವನು ಉಳಿದ ಎರಡು ಗೂಡಿನ ಹತ್ತಿರ ಹೋಗಿರಲೇ ಇಲ್ಲ. ಹಡಗು ಹಿಮದ ಸಮುದ್ರಕ್ಕೆ ಹೋಗಿ ಸಾಮಾನು ಇಳಿಸುತ್ತಿದ್ದಾಗ ಅಲ್ಲಿನವರು ನೀರಿಗಿಳಿದು ನೋಡಿದರು. ನಾಲ್ಕನೆಯ ಗೂಡಿನಲ್ಲಿ ಗೊಂಚಲು ಗೊಂಚಲಾಗಿ ಕಪ್ಪು ಚಿಪ್ಪು. ಅವು ಉತ್ತರದ ತಣ್ಣನೆಯ ನೀರಿನವು, ದಾರಿಯುದ್ದದ ಬಿಸಿ ಸಮುದ್ರವನ್ನೂ ತಾಳಿಕೊಂಡು ಬಂದಿದ್ದವು. ದೊಡ್ಡವುಗಳ ಜೊತೆ ಸಾಸಿವೆಯಷ್ಟು ಸಣ್ಣ ಮರಿಗಳೂ ಇದ್ದವಂತೆ. ಹೆರೆದು ತೆಗೆದರು. ಅಷ್ಟರೊಳಗೆ ನೀರಿಗೆ ಎಷ್ಟು ಹೋದವು ಎಂದು ಹೇಳುವವರು ಯಾರೂ ಇಲ್ಲ.

ಯಜಮಾನರು ಜಳಕ ಮುಗಿಸಿ ಬಂದ ಮೇಲೆ ಎಲ್ಲ ಹೇಳಿದೆ. ನಾನು ಬಾಯಿ ಹಾಕಿದ್ದನ್ನೂ ಹೇಳಿದೆ. ಅವರು ಪಂಚೆ ಉಡುವುದನ್ನು ಅರ್ಧಕ್ಕೆ ಬಿಟ್ಟು ನಿಂತರು.

"ಮೂವತ್ತು ವರ್ಷ ಆತು ನಾನು ಯಾರ್ಡಿನ ಗೇಟಿನ್ಯಾಗ ನಿಂತು. ತಾಡಪಾಲು ಕಟ್ಟಿದ್ದು ಕಣ್ಣಿಲೆ ನೋಡಲಾರದ ಒಂದು ಲಾರಿಗೆ ಸಹಿ ಹಾಕಿಲ್ಲ. ಡ್ರೈವರ್‌ಗಳು ಕಾಕಾ ಅಂತಾರ, ಮಾವ ಅಂತಾರ, ಕಾಲಿಗೂ ಬೀಳ್ತಾರ. ನೀನು ನಮ್ಮ ಮನ್ಯಾಗ, ನನ್ನ ಮಗಳ ಕೈಲೆ..."

"ಬೈರಿ. ಬೈಸಿಗೊಳ್ಳಾಕ ನಿಂತೀನಿ."

"ಬೈದ್ರ ಗೂಡು ತೆರಿತೈತೇನು?" ಎಂದು ಪಂಚೆ ಉಟ್ಟುಕೊಂಡರು.

ಬೈಯಲಿಲ್ಲ. ಅದನ್ನು ಎರಡನೆಯದಾಗಿ ಎಣಿಸಿದೆ.

ನನಗೆ ಉರಿದದ್ದು ಕೆಲಸದ ಸುಳ್ಳಿಗಲ್ಲ. ಆತುರದಲ್ಲಿ ಮನುಷ್ಯರು ತಪ್ಪು ಮಾಡುತ್ತಾರೆ, ಹೆದರಿ ಮುಚ್ಚಿಡುತ್ತಾರೆ. ಆದರೆ ನನ್ನ ಮನೆಗೆ ಬಂದೇ ಇಲ್ಲ ಎಂದನಲ್ಲ. ನನ್ನ ಕೈಯ ನಾಲ್ಕು ಹೋಳಿಗೆ, ಮೇಲೆ ತುಪ್ಪ, ಕೂತ ಮಣೆ, ಹಣೆಗೆ ಇಟ್ಟ ಕುಂಕುಮ, ಎಲ್ಲವೂ ಇಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆ ಕೇಳಿದ್ದೆ. ಉಂಡೇ ಇಲ್ಲ ಎನ್ನುವವನಿಗೆ ಯಾವ ಗಾದೆಯೂ ಇರಲಿಲ್ಲ.

ವಿಚಾರಣೆ ನಡೆದಿದ್ದರಿಂದ ಅವನು ರಜೆ ಹಾಕಿ ಮೆಟ್ರಿಗೆ ಬಂದಿದ್ದಾನೆ ಎಂದು ಮಗಳು ಹೇಳಿದ್ದಳು. ಸೋಮವಾರದ ಪೂಜೆ ಮುಗಿಸಿ ಕಂಪ್ಲಿ ಬಸ್ಸು ಹತ್ತಿದೆ. ಯಜಮಾನರು ಜೊತೆಗೆ ಬರುತ್ತೇನೆಂದರು, ಬ್ಯಾಡ ಎಂದೆ. ಗಂಡಸರು ಬಂದರೆ ಜಗಳವಾಗುತ್ತದೆ, ನನಗೆ ಬೇಕಾದದ್ದು ಒಂದು ಮಾತು. ಕಮಲಾಪುರ ದಾಟುವಾಗ ಹಂಪಿಯ ಕಡೆ ತಿರುಗಿ ಕೈಮುಗಿದೆ. ಅವನ ಬಾಯಿಂದ ನಿಜ ಹೊರಡಿಸು, ಬೇರೇನೂ ಕೇಳುವುದಿಲ್ಲ ಎಂದೆ. ಕಂಪ್ಲಿಯಲ್ಲಿ ಇಳಿದು ಟಂಟಂ ಆಟೊ ಹಿಡಿದೆ. ಎರಡೂ ಕಡೆ ಭತ್ತದ ಗದ್ದೆ, ಕಾಲುವೆಯಲ್ಲಿ ನೀರು ಹರಿಯುತ್ತಿತ್ತು.

ಬಾಗಿಲು ತೆಗೆದವಳು ಅವನ ತಾಯಿ. ಒಮ್ಮೆಯೂ ನೋಡಿರದಿದ್ದರೂ ಹೆಸರು ಹೇಳುತ್ತಲೇ ಗುರುತು ಹಿಡಿದಳು.

"ಅಯ್ಯ, ಬರ್ರಿ ಅಕ್ಕ, ಕುಂದ್ರಿ! ನಿಮ್ಮ ಹೋಳಿಗಿ ಸುದ್ದಿ ಕೇಳಿ ಕೇಳಿ ನನಗ ಹೊಟ್ಟಿಕಿಚ್ಚು ಬಂದೈತಿ. ದೀಪಾವಳಿ ದಿನ ನಿಮ್ಮ ಮನ್ಯಾಗ ಉಂಡು ಬಂದು ನಾ ಮಾಡಿದ್ದು ಮುಟ್ಟಲಿಲ್ಲ ನೋಡ್ರಿ ಇವ. ಹಣೀ ಕುಂಕುಮಾನೂ ಅಳಿಸಿದ್ದಿಲ್ಲ."

ಒಳಗಿನಿಂದ ಬಂದ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ತಾಯಿಯ ಮಾತು ಪೂರ್ತಿ ಅವನ ಕಿವಿಗೆ ಬಿದ್ದಿತ್ತು. ಅವನ ಮುಖ ನೋಡಿದೆ. ಅವನು ನನ್ನನ್ನು ನೋಡಲಿಲ್ಲ, ತಾಯಿಗೆ, "ನೀರು ಕೊಡವ್ವ ಅವರಿಗೆ," ಎಂದ. ಅವರಿಗೆ. ಚಿಗವ್ವ ಎನ್ನಲಿಲ್ಲ.

ನೀರು ಕುಡಿದೆ. ಆ ತಾಯಿಗೆ ಏನೂ ಗೊತ್ತಿರಲಿಲ್ಲ, ಅವಳೆದುರು ಬಾಯಿ ಬಿಚ್ಚುವುದು ನನ್ನಿಂದಾಗಲಿಲ್ಲ. ಅವನು ಟಂಟಂ ನಿಲ್ಲುವಲ್ಲಿಗೆ ಬಿಡಲು ಬಂದ. ದಾರಿಯಲ್ಲಿ ಕೇಳಿದೆ.

"ನಿಮ್ಮವ್ವಗ ನೆನಪೈತಿ. ನಿನಗ ಇಲ್ಲೇನಪ?"

"ನನಗ ಮನಿ ಜವಾಬ್ದಾರಿ ಐತ್ರಿ. ಆಕಿ ಓದಿದಾಕಿ, ಸಣ್ಣಾಕಿ, ಇನ್ನೊಂದು ಕೆಲಸ ಸಿಗತೈತಿ. ನನ್ನಂಥ ಮುಳುಗಾವಗ ಒಮ್ಮೆ ಹೆಸರು ಕೆಟ್ರ ಯಾರು ನೀರಿಗೆ ಇಳಸ್ತಾರ?"

"ನಾನು ಕೆಲಸದ್ದು ಕೇಳಲಿಲ್ಲ. ಉಂಡಿ ಅಂತ ಒಪ್ಪಿಗೋ. ಅಷ್ಟ."

ಅವನು ಗದ್ದೆಯ ಕಡೆ ನೋಡಿದ. "ಉಂಡಿದ್ದು ಒಪ್ಪಿದ್ರ ಉಳದದ್ದೂ ಒಪ್ಪಿದಂಗರಿ," ಎಂದ. ಆಮೇಲೆ ಟಂಟಂನವನಿಗೆ ಕೈ ಮಾಡಿ, "ಹೊಸಪ್ಯಾಟಿ ಬಸ್ಸಿಗೆ ಬಿಡಲೇ, ಹುಷಾರಿ," ಎಂದು ತಿರುಗಿ ನಡೆದ. ಹುಷಾರಾಗಿ ಕಳಿಸುವುದನ್ನು ಮರೆಯಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಪೂರ್ತಿ ಕೆಟ್ಟವನಾಗಿದ್ದರೆ ಒಂದು ಶಾಪ ಹಾಕಿ ಮನೆಗೆ ಬರಬಹುದಿತ್ತು. ಬಸ್ಸಿನ ಕಿಟಕಿಗೆ ತಲೆಯಿಟ್ಟು ಅತ್ತೆ. ಹಂಪಿಯ ಕಡೆ ಈ ಸಲ ತಿರುಗಲಿಲ್ಲ. ತಪ್ಪೆಂದು ಗೊತ್ತಿತ್ತು, ತಿರುಗಲಿಲ್ಲ.

ಮನೆಗೆ ಬಂದು ಮಗಳಿಗೆ ಹೇಳಿದೆ: "ನಾನು ನಿಮ್ಮ ಸಾಹೇಬರ ಮುಂದ ಮಾತಾಡ್ತೀನಿ. ಅವನು ಬಂದಿದ್ದ, ಉಂಡಿದ್ದ, ಏನು ಅಂದ, ಎಲ್ಲ ಹೇಳ್ತೀನಿ."

"ಹಂಗಂದ್ರ ನೀನು ಅಂದದ್ದನ್ನೂ ಕೇಳತಾರ."

"ಹೇಳ್ತೀನಿ."

"ಬ್ಯಾಡವ್ವ. ಪಟ ನೋಡಲಾರದ ಹಾಕಿದ ಸಹಿ ನಂದು. ಅವ್ವ ಹೇಳಿದಳಂತ ಹಾಕಿದೆ ಅಂದ್ರ ಎಲ್ಲಾರೂ ನಗತಾರ."

"ನಗಲಿ. ನನ್ನ ನೋಡಿ ನಗಲಿ."

ಅವಳು ಸಿಟ್ಟಾಗಿ ಫೋನು ಇಟ್ಟಳು. ಎರಡು ದಿನ ಮಾತಿಲ್ಲ. ಬುಧವಾರ ರಾತ್ರಿ, ನಾಳೆ ಗುರುವಾರ ಹನ್ನೊಂದು ಗಂಟೆಗೆ ವಿಡಿಯೊ ಕರೆ ಬರುತ್ತದೆ, ತಯಾರಿರು ಎಂದು ಒಂದೇ ಸಾಲು ಬರೆದು ಕಳಿಸಿದಳು.

ಗುರುವಾರ ವಿಭೂತಿ ಹಚ್ಚಿಕೊಂಡು, ಒಳ್ಳೆಯ ಸೀರೆ ಉಟ್ಟು, ದೇವರ ಕೋಣೆಯ ಮುಂದೆ ಕುರ್ಚಿ ಹಾಕಿ ಕೂತೆ. ಯಜಮಾನರು ಅರ್ಧ ದಿನ ರಜೆ ಹಾಕಿ ಫೋನು ಹಿಡಿದುಕೊಂಡರು. ಪರದೆಯಲ್ಲಿ ಒಬ್ಬ ಹೆಣ್ಣುಮಗಳು, ಇಬ್ಬರು ಗಂಡಸರು. ಪಕ್ಕದ ಚೌಕದಲ್ಲಿ ನನ್ನ ಮಗಳು, ಇನ್ನೊಂದು ಚೌಕದಲ್ಲಿ ಅವನು. ಆ ಹೆಣ್ಣುಮಗಳಿಗೆ ಕನ್ನಡ ಬರುತ್ತಿತ್ತು. ಅವತ್ತಿನ ಮಟ್ಟಿಗೆ ಅದೊಂದು ಉಪಕಾರ.

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮಧ್ಯಾಹ್ನ ಬಂದದ್ದು, ಏನೇನು ಬಡಿಸಿದೆ, ಯಾವ ಗೋಡೆಗೆ ಮಣೆ ಹಾಕಿದೆ, ಇನ್ನೊಂದು ಕ್ಯಾಮೆರಾದಲ್ಲಿ ಪಟ ಇವೆ ಎಂದದ್ದು, ಮೆಟ್ರಿಯಲ್ಲಿ ಅವನ ತಾಯಿ ಆಡಿದ ಮಾತು.

"ನಿಮ್ಮ ಹತ್ತಿರ ಆ ದಿನದ ಫೋಟೊ ಇದೆಯಾ?" ಎಂದು ಆ ಹೆಣ್ಣುಮಗಳು ಕೇಳಿದಳು.

"ಇಲ್ರಿ. ನಾನ ಬ್ಯಾಡ ಅಂದಿದ್ದೆ."

"ಅವರ ತಾಯಿಗೆ ಗೊತ್ತಿದೆ ಅಂತೀರಿ. ಅವರನ್ನು ಕೇಳಬಹುದೇ?"

ಅವನ ಚೌಕದ ಕಡೆ ನೋಡಿದೆ. ಅವನು ತಲೆ ತಗ್ಗಿಸಿದ್ದ. "ಆ ತಾಯಿನ್ನ ಕೇಳಬ್ಯಾಡ್ರಿ. ಮಗನ ಮ್ಯಾಲೆ ತಾಯಿ ಕೈಲೆ ಸಾಕ್ಷಿ ಹೇಳಸೋದು ಪಾಪ. ನಾನು ನನ್ನ ಮಗಳ ಮ್ಯಾಲೆ ಹೇಳ್ತೀನಿ, ಅದನ್ನ ಬರಕೊಳ್ರಿ. ಆಕಿ ಪಟ ಕೇಳಿದಳು. ಕೊಡಲಾರದ್ದಕ್ಕ ಸಹಿ ಒಲ್ಲೆ ಅಂದಳು. ಹಾಕು ಅಂತ ಗದರಿದಾಕಿ ನಾನು. ಆದ್ರೂ ಹಾಕಿದ್ದು ಆಕಿ."

ಆ ಹೆಣ್ಣುಮಗಳು ಬರೆದುಕೊಂಡಳು. ಅವನನ್ನು ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. "ಇವರು ನನಗ ಗೊತ್ತು. ಆ ದಿನ ನಾನು ಹೋಗಿಲ್ಲ," ಎಂದ. ನನ್ನ ಕಣ್ಣೆದುರೇ ಮತ್ತೊಮ್ಮೆ ನನ್ನ ಮನೆಯಿಂದ ಎದ್ದು ಹೋದ.

ಹದಿನೈದು ದಿನ ಬಿಟ್ಟು ಮಗಳು ಫೋನು ಮಾಡಿದಳು. ಬಿಸಿಲೇರಿತ್ತು, ನಾನು ನಸುಕಿನಲ್ಲೇ ಮಾಳಿಗೆಯ ಮೇಲೆ ಸಂಡಿಗೆ ಇಟ್ಟು ಬಂದಿದ್ದೆ.

ಅವನು ಬಂದದ್ದು, ಬರದೇ ಇದ್ದದ್ದು, ಎರಡೂ ಸಾಬೀತಾಗಿಲ್ಲ ಎಂದು ಬರೆದಿದ್ದಾರಂತೆ. ಪಟಗಳು ಸುಳ್ಳೆಂದು ಮಾತ್ರ ಗೊತ್ತಾಗಿ, ಅವನನ್ನು ಸದ್ಯಕ್ಕೆ ನೀರಿಗಿಳಿಸುತ್ತಿಲ್ಲ. ಮಗಳನ್ನು ತೆಗೆದುಹಾಕಿಲ್ಲ. ಆದರೆ ಇನ್ನು ಮುಂದೆ ಯಾವ ಹಡಗಿನ ಕಾಗದಕ್ಕೂ ಅವಳ ಸಹಿ ನಡೆಯುವುದಿಲ್ಲ. ಒಳಗೆ ಕೂತು, ಹೆರೆದು ತಂದ ಚಿಪ್ಪುಗಳನ್ನು ಸೀಸೆಗೆ ತುಂಬಿ ಚೀಟಿ ಅಂಟಿಸುವ ಕೆಲಸ.

"ಆ ನಾಲ್ಕನೇ ಗೂಡಿನ ಚಿಪ್ಪೂ ಬಂದಾವವ್ವ. ನಾನ ಸೀಸೆಗೆ ಹಾಕಿದೆ."

"ಅಲ್ಲಿ ಇನ್ನೇನಾದ್ರೂ ಕಂಡಾವೇನ?"

"ಇನ್ನ ಇಲ್ಲ. ಅಲ್ಲಿನ ಬರೋ ಬ್ಯಾಸಗಿಗೆ ನೋಡಬೇಕು, ಅದರ ಮುಂದಿಂದಕ್ಕೂ ನೋಡಬೇಕು. ಹತ್ತು ವರ್ಷ ಕಾಣಲಿಲ್ಲಂದ್ರ ಇಲ್ಲ ಅನ್ನಬಹುದು." ಆಮೇಲೆ, "ನೀನು ಸಾಹೇಬರ ಮುಂದ ಹಂಗ ಹೇಳಿದ್ದಕ್ಕ ನನಗಿನ್ನೂ ಸಿಟ್ಟೈತಿ," ಎಂದಳು.

"ಇರಲಿ."

"ಊಟಾ ಮಾಡಿದಿಯೇನ?"

"ಮಾಡ್ತೀನಿ."

ಸಿಟ್ಟಿದ್ದೂ ಊಟ ಕೇಳಿದಳು. ಅದನ್ನು ಅವತ್ತಿನ ಲೆಕ್ಕಕ್ಕೆ ಹಾಕಿಕೊಂಡೆ. ನಾಲ್ಕನೆಯ ಗೂಡನ್ನು ಯಾವ ಉಪಕಾರದ ಪಕ್ಕದಲ್ಲಿಡಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಆ ಕಾಗದದಲ್ಲಿ ಮಗಳ ಹೆಸರಿನ ಪಕ್ಕ ನನ್ನ ಹೆಸರಿಲ್ಲ. ಆದರೆ ಹಾಕು ಎಂದ ದನಿ ನನ್ನದೇ. ಅವನು ಇಲ್ಲವೆಂದ ಆ ಪಾಡ್ಯದ ದಿನವನ್ನು ನಾನು ಇತ್ತು ಎಂದು ಇಟ್ಟುಕೊಂಡಿರಬೇಕು, ಬೇರೆ ಯಾರೂ ಇಟ್ಟುಕೊಳ್ಳುವವರಿಲ್ಲ.

ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ಚಪ್ಪಲಿ ಮೆಟ್ಟಿಕೊಂಡು ಮಾಳಿಗೆ ಹತ್ತಿದೆ. ಹಳೆ ಸೀರೆಯ ಮೇಲಿನ ಸಂಡಿಗೆಗಳ ಮೇಲ್ಮೈ ಒಣಗಿ ಬಿರುಸಾಗಿತ್ತು, ತಳ ಇನ್ನೂ ಹಸಿ. ಅಂಚಿನಲ್ಲಿ ಕೂತು, ಒಂದೊಂದನ್ನೇ ಬಿಡಿಸಿ ತಿರುವಿ ಹಾಕತೊಡಗಿದೆ.